ಅಗಲವಾದ ಮುಖ

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಫೋಟೋ ಪ್ರಿಂಟೂ ಮಾಡಿಕೊಡುತ್ತೇನೆ. ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿಕೊಂಡಿದ್ದೆ. ಒಂದು ಬೆಳಿಗ್ಗೆ ಅದರ ಚೌಕದ ಮಾನಿಟರ್ ಕೆಟ್ಟುಹೋಯಿತು. ಮನೆಯಲ್ಲಿದ್ದ ಅಗಲದ ಮಾನಿಟರ್ ತಂದು ಸಿಕ್ಕಿಸಿದೆ. ಚಿತ್ರವೇನೋ ಬಂತು, ಆದರೆ ತೆರೆಯ ಅಳತೆ, ಅಂದರೆ ರೆಸಲ್ಯೂಶನ್, ಹಳೆಯದೇ ಉಳಿದು ಎಲ್ಲವೂ ಅಡ್ಡಕ್ಕೆ ಹಿಗ್ಗಿತ್ತು. ಸರಿಮಾಡಲು ಕೂತರೆ ಒಬ್ಬರಲ್ಲ ಒಬ್ಬರು ಗಿರಾಕಿ. ಏಳುವುದು, ಕೂರುವುದು, ಇದೇ ಆಯಿತು.

ಆಗ ಬಂದವರು ಕಲಬುರಗಿ ಕಡೆಯ ತಾಯಿ, ಮಗಳು. ತಾಯಿ ಕಟ್ಟಡದ ಕೆಲಸದವಳು, ಮಗಳು ಕಾಲೇಜಿಗೆ ಹೋಗುವವಳು. ತಾಯಿಗೆ ತೀರಿಕೊಂಡ ತನ್ನ ಗಂಡನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕಿತ್ತು. ಮಗಳ ಮೊಬೈಲಿನಿಂದ ತೆಗೆದುಕೊಂಡು ತೆರೆದೆ. ತೆರೆಯ ಮೇಲೆ ತುಂಬಿದ ಕೆನ್ನೆಯ ಗಂಡಸೊಬ್ಬ ಕಾಣಿಸಿದ. ತಾಯಿ ರೆಪ್ಪೆ ಹಾಕದೆ ನೋಡುತ್ತಿದ್ದಳು.

"ಸ್ಕ್ರೀನ್ ಸರಿ ಇಲ್ಲ ಅಕ್ಕ, ಈಗ ಸರಿ ಮಾಡ್ತೇನೆ," ಎಂದೆ.

ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಬೇಕಾದ ಅಳತೆಯೇ ಇರಲಿಲ್ಲ. ಕಂಪ್ಯೂಟರಿಗೆ ನೇರ ಆದೇಶ ಕೊಡುವ ಟರ್ಮಿನಲ್ ತೆರೆದು ಹೊಸ ಅಳತೆ ಟೈಪಿಸಿದೆ. ಅವಸರಕ್ಕೆ ಅಂಕಿ ತಪ್ಪಿತು. ಮತ್ತೆ ಟೈಪಿಸಿದೆ. ಮಗಳು ಗಡಿಯಾರ ನೋಡುತ್ತ, "ಆಂಟಿ, ಜಲ್ದೀ ಕರೋ ನಾ," ಎಂದು ಅವಸರಪಡಿಸಿದಳು. ತೆರೆ ಪೂರ್ತಿ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಚಿತ್ರ ಮರಳಿತು, ಅಳತೆ ಸರಿಯಾಗಿತ್ತು. ಕೆನ್ನೆ ಒಳಗೆ ಹೋಗಿತ್ತು, ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

"ಅಯ್ಯ, ಮೊದ್ಲಿಂದು ಎಲ್ಲಿ ಹೋತ್ರೀ?" ಎಂದಳು ತಾಯಿ.

"ಅದು ತಪ್ಪು ಅಕ್ಕ. ಫೋಟೋ ಇರುವುದೇ ಹೀಗೆ."

"ತಪ್ಪಿದ್ರ ಇರ್ಲಿ ಬಿಡ್ರಿ. ಜಡ್ಡ ಬೀಳೂಕಿಂತ ಮೊದ್ಲು ಹಂಗೇ ಇದ್ರು. ಅದನ್ನೇ ಹಾಕ್ರಿ."

ಮಗಳಿಗೆ ಸಿಟ್ಟು ಬಂತು. "ಮಮ್ಮೀ, ಪಪ್ಪಾ ಐಸೇ ಹೀ ಥೇ," ಅಪ್ಪ ಇದ್ದದ್ದೇ ಹೀಗೆ ಎಂದು ತೆಳ್ಳಗಿನ ಮುಖವನ್ನು ತೋರಿಸಿದಳು.

"ನೀ ಸಣ್ಣಾಕಿ ಇದ್ದಿ. ನಿನಗೇನ್ ನೆನಪು?"

ಬಾಗಿಲಲ್ಲಿ ಮತ್ತಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಸತ್ತವರ ಮುಖವನ್ನು ಹೀಗೆ ಎಳೆಯಬಹುದೇ ಎಂದು ನನಗೆ ಅಳುಕು. ಬೇಡವೆನ್ನಲೂ ಬಾಯಿ ಬರಲಿಲ್ಲ. ಮೌಸ್ ಹಿಡಿದು ಫೋಟೋವನ್ನು ಅಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಹಿಗ್ಗಿಸಿದೆ.

"ಇನ್ನಾ ಸ್ವಲ್ಪ... ಹಾಂ, ಸಾಕ್ರಿ. ಇವ್ರೇ," ಎಂದಳು ತಾಯಿ.

ಮಗಳು ಮುಂದೆ ಬಾಗಿದಳು. "ಐಸೇ ಥೇ ಕ್ಯಾ?" ಹೀಗಿದ್ದರಾ ಎಂದು ಮೆಲ್ಲಗೆ ಕೇಳಿದಳು. ತಾಯಿ ಹೂಂ ಎಂದಷ್ಟೇ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪ್ರಿಂಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಟ್ಟೆ. ಹೊರಡುವಾಗ ಮಗಳು ಅಗಲದ ಫೋಟೋವನ್ನು ತನ್ನ ಮೊಬೈಲಿಗೂ ಹಾಕಿಸಿಕೊಂಡಳು. ಅವರು ಹೋದಮೇಲೂ ನನಗೆ ಸಮಾಧಾನವಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಮನಸ್ಸು ಹೊಯ್ದಾಡುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆರೆದೆ, ಎರಡು ತುತ್ತು ತಿಂದು ಮುಚ್ಚಿಟ್ಟೆ.