ಗಾಣದಿಂದ ತಂದ ಎತ್ತು

ಒಬ್ಬನೇ ಗಾಡಿ ಕಟ್ಟಿಕೊಂಡು ಊರೂರು ತಿರುಗಬೇಕೆಂಬ ಹುಚ್ಚು ನನಗೆ ಹತ್ತಿದ್ದು ಅಣ್ಣನ ಒಂದು ಮಾತಿನಿಂದ. ಮಾಗಡಿಯ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದಾಗ, "ಲೇ, ನಿನ್ನನ್ನ ಊರ ಬಾವಿತಾವ ಬುಟ್ರೂ ಮನೆ ದಾರಿ ನಿಂಗೆ ಕಾಣಾಕಿಲ್ಲ. ನೀನು ರೇಷ್ಮೆಗೂಡಿನ ವ್ಯಾಪಾರ ಮಾಡೀಯೇನ್ಲಾ?" ಅಂದ. ಎಲ್ಲರೂ ನಕ್ಕರು. ನನಗಾಗ ಇಪ್ಪತ್ತೆರಡು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಚನ್ನಪಟ್ಟಣ, ಕ್ಲೋಸ್‌ಪೇಟೆ ಸುತ್ಕೊಂಡು ಒಬ್ನೇ ಕಾನಕಾನಳ್ಳಿ ಅಕ್ಕನ ಮನೆಗೆ ಬತ್ತೀನಿ, ನೋಡು," ಅಂದೆ. ಈಗಿನ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಅಂತಲೇ ಹೆಸರು. ಕನಕಪುರ ಇನ್ನೂ ಕಾನಕಾನಹಳ್ಳಿ. ಅಣ್ಣ ಒಪ್ಪಿದ. ಐದನೆಯ ದಿನ ದೀಪ ಹಚ್ಚುವುದರೊಳಗೆ ನಾನು ಅಲ್ಲಿಗೆ ಮುಟ್ಟಿದರೆ ರೇಷ್ಮೆಗೂಡಿನ ವ್ಯಾಪಾರ ಪೂರಾ ನನ್ನದು. ತಾನು ಅಕ್ಕನ ಮನೆಗೆ ಮೊದಲೇ ಹೋಗಿ ಕಾಯುತ್ತೇನೆ ಅಂದ. ಆದರೆ ತನ್ನ ಜೋಡಿ ಎತ್ತುಗಳನ್ನು ಮುಟ್ಟಕೂಡದು ಅಂದುಬಿಟ್ಟ.

ನಮ್ಮ ಬೀದಿಯ ಕೊನೆಯಲ್ಲಿದ್ದ ಗಾಣಿಗ ಹೊಸ ಎತ್ತು ತಂದಿದ್ದ. ಹಳೆಯದನ್ನು ನನಗೆ ಕೊಟ್ಟ. ಕೊಡುವಾಗ ಅದರ ಕತ್ತಿನಡಿಯ ಗಂಗೆದೊಗಲು ಸವರುತ್ತಾ, "ಕಣ್ಣಿಗೆ ಬಟ್ಟೆ ಕಟ್ಟಿದ್ರೆ ನಡೀತದೆ, ಬಿಚ್ಚಿದ್ರೆ ನಿಲ್ತದೆ. ಬಿಚ್ಚಿದ್ರೆ ಕೆಲ್ಸ ಮುಗೀತು ಅಂತ ಅದ್ಕೆ ಗೊತ್ತು. ಸಂಜೆ ಮರೀದೆ ಬಿಚ್ಚಪ್ಪಾ," ಅಂದ. ನಾನು ಹೂಂ ಅಂದೆ.

ಒಂಟೆತ್ತಿನ ಗಾಡಿಗೆ ಬಿದಿರು ತಟ್ಟಿಯ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿದೆ. ಒಂದು ಮಡಕೆ, ರಾಗಿಹಿಟ್ಟು, ಉಪ್ಪು, ಮೆಣಸಿನಕಾಯಿ, ಲಾಟೀನು. ಹೊಸ ಮದುವಣಿಗನ ಗತ್ತಿನಲ್ಲಿ ಊರು ಬಿಟ್ಟೆ. ಗಾಣಿಗ ಹೇಳಿದ್ದು ನಿಜವಾಗಿತ್ತು. ಬಟ್ಟೆ ಬಿಗಿದೊಡನೆ ಎತ್ತು ಹೆಜ್ಜೆ ಹಾಕಿತು. ಆದರೆ ನೆಟ್ಟಗೆ ಹೋಗುವುದು ಅದಕ್ಕೆ ಗೊತ್ತೇ ಇರಲಿಲ್ಲ. ವರ್ಷಗಟ್ಟಲೆ ಬಲಕ್ಕೆ ಸುತ್ತಿದ ಪ್ರಾಣಿ. ನೂರು ಹೆಜ್ಜೆಗೊಮ್ಮೆ ಬಲಕ್ಕೇ ಎಳೆಯುತ್ತಿತ್ತು. ನಾನು ಹಗ್ಗ ಎಡಕ್ಕೆ ಜಗ್ಗುತ್ತಿದ್ದೆ. ಮೂಗುದಾರದ ಜಾಗ ಮಧ್ಯಾಹ್ನದ ಹೊತ್ತಿಗೇ ಕೆಂಪಾಯಿತು. ಬಾರುಕೋಲಿನಲ್ಲಿ ಎಷ್ಟು ಬಾರಿಸಿದೆನೋ ನೆನಪಿಲ್ಲ. ಬಾರಿಸಿದಾಗ ನನಗೆ ಹಿತವಾಗುತ್ತಿತ್ತು, ಅದು ಚೆನ್ನಾಗಿ ನೆನಪಿದೆ.

ಕೂಟಗಲ್ಲಿನ ಮಾವಿನ ತೋಪಿನಲ್ಲಿ ಮೊದಲ ರಾತ್ರಿ ಇಳಿದುಕೊಂಡೆ. ಸುಸ್ತಾಗಿತ್ತು. ಎತ್ತನ್ನು ಮರಕ್ಕೆ ಕಟ್ಟಿ, ಬಟ್ಟೆ ಬಿಚ್ಚದೆ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಹಗ್ಗವೆಲ್ಲ ಮರದ ಬುಡಕ್ಕೆ ಸುತ್ತಿಕೊಂಡು ಮುಗಿದಿತ್ತು. ಎತ್ತಿನ ಮೂತಿ ತೊಗಟೆಗೆ ಒತ್ತಿಕೊಂಡಿತ್ತು; ಮೂಗಿನಿಂದ ರಕ್ತ ಒಸರುತ್ತಿತ್ತು. ಆದರೂ ಕಾಲು ನಿಂತಿರಲಿಲ್ಲ. ನಿಂತಲ್ಲೇ ಹೆಜ್ಜೆ ಎತ್ತಿ ಇಡುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಸಾಬರೊಬ್ಬರ ಅಂಗಡಿ ಮುಂದೆ ಗಾಡಿ ಬಿಟ್ಟು ಇದನ್ನೇ ಕತೆ ಮಾಡಿ ಹೇಳಿದೆ. ಸುತ್ತ ನಿಂತವರು ನಕ್ಕರು. ಸಾಬರು ನಗಲಿಲ್ಲ. ಕೈಯಲ್ಲಿದ್ದ ಅರಗಿನ ಕಡ್ಡಿ ಕೆಳಗಿಟ್ಟು, ಎದ್ದು ಬಂದು ಎತ್ತಿನ ಬಟ್ಟೆ ತಾವೇ ಬಿಚ್ಚಿದರು. ಅದು ಉಸ್ಸೆಂದು ಉಸಿರು ಬಿಟ್ಟು ಅಲ್ಲೇ ಮಲಗಿತು.

"ಗೌಡ್ರೇ, ಅದಕ್ಕೆ ದಾರಿ ಕಾಣಾಕಿಲ್ಲ. ನೀವು ಇಳಿದು, ಕತ್ತಿನ ಮೇಲೆ ಕೈ ಇಟ್ಕೊಂಡು ಪಕ್ಕದಲ್ಲೇ ನಡೀರಿ. ನೆಟ್ಟಗೆ ಬತ್ತದೆ," ಅಂದರು.

"ಎತ್ತು ಗಾಡಿ ಎಳೀಲಿ ಅಂತ ತಂದಿರೋದು ಸಾಬ್ರೇ, ಅದರ ಜೊತೆ ನಾನು ನಡೆಯೋಕಲ್ಲ," ಅಂದೆ. ಜನ ಇದಕ್ಕೂ ನಕ್ಕರು. ಸಾಬರು ಒಳಗೆ ಹೋದರು.

ಮೂರನೆಯ ರಾತ್ರಿ ಕ್ಲೋಸ್‌ಪೇಟೆ, ನಾಲ್ಕನೆಯದು ಕೈಲಾಂಚ. ಐದನೆಯ ದಿನ ಬೆಳಿಗ್ಗೆ ನನಗೆ ಗೆದ್ದ ಹಾಗೇ ಅನ್ನಿಸಿತ್ತು. ಮಧ್ಯಾಹ್ನ ಕಮಾನಿನ ನೆರಳಲ್ಲಿ ಒರಗಿ, ಹಗ್ಗವನ್ನು ಕಾಲ್ಬೆರಳಿಗೆ ಸುತ್ತಿಕೊಂಡು ಕಣ್ಣು ಮುಚ್ಚಿದೆ. ಮುಂದೆ ಇಳಿಜಾರಿತ್ತು, ದಾರಿ ಎಡಕ್ಕೆ ತಿರುಗುತ್ತಿತ್ತು. ಎತ್ತು ಬಲಕ್ಕೆ ಹೋಯಿತು.

ಎದ್ದಾಗ ನಾನು ಲಂಟಾನದ ಪೊದೆಯಲ್ಲಿದ್ದೆ, ಮೊಣಕೈ ತರಚಿತ್ತು ಅಷ್ಟೇ. ಕೆಳಗೆ ಬಂಡೆಗಳ ನಡುವೆ ಗಾಡಿ ಮಗುಚಿತ್ತು. ಎತ್ತು ಅದರಡಿ ಮಗ್ಗುಲಾಗಿ ಬಿದ್ದಿತ್ತು. ಮುಂಗಾಲೊಂದು ಮುರಿದು ಮೂಳೆ ಕಾಣುತ್ತಿತ್ತು. ಉಳಿದ ಮೂರು ಕಾಲುಗಳು ಗಾಳಿಯಲ್ಲಿ ನಡೆಯುತ್ತಿದ್ದವು. ಕಣ್ಣಿಗೆ ಬಟ್ಟೆ ಹಾಗೇ ಇತ್ತು.

ಬಿಚ್ಚುವುದಕ್ಕೆ ಒಂದು ಕೈ ಸಾಕಿತ್ತು. ಹತ್ತಿರ ಹೋಗಿ ಗಂಟಿನ ಮೇಲೆ ಬೆರಳನ್ನೂ ಇಟ್ಟೆ. ಬಿಚ್ಚಿದರೆ ಅದು ನನ್ನನ್ನು ನೋಡುತ್ತದೆ ಅನ್ನಿಸಿತು. ಹೊತ್ತು ಇಳಿಯುತ್ತಿತ್ತು, ಅಣ್ಣ ಕಾಯುತ್ತಿದ್ದ. ಕೈ ತೆಗೆದು, ಜಮಖಾನ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟೆ.

ಅಕ್ಕ ದೀಪಕ್ಕೆ ಎಣ್ಣೆ ಹಾಕುವಾಗ ಬಾಗಿಲಲ್ಲಿ ನಿಂತಿದ್ದೆ. "ಗಾಡಿ ಬಿತ್ತು. ಎತ್ತು ಅಲ್ಲೇ ಸತ್ತೋಯ್ತು," ಅಂದೆ. ಅಣ್ಣ ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. "ಗಾಡಿ ಹೋದ್ರೆ ಹೋಗ್ಲಿ. ಹೇಳ್ದಂಗೆ ಬಂದ್ಬುಟ್ಯಲ್ಲಲೇ," ಅಂತ ಬೆನ್ನಿಗೊಂದು ಹೊಡೆದ. ಅಕ್ಕ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಎರಡು ಮುದ್ದೆ ಉಂಡೆ.

ಬೆಳಿಗ್ಗೆ ಗಾಡಿಯ ಚಕ್ರವಾದರೂ ಸಿಕ್ಕೀತೆಂದು ಅಣ್ಣ ತನ್ನ ಜೋಡಿ ಕಟ್ಟಿದ. ಬೇಡವೆಂದು ಎಷ್ಟೋ ಹೇಳಿದೆ. ಕೇಳದೆ ನನ್ನನ್ನೂ ಕೂರಿಸಿಕೊಂಡು ಹೊರಟ. ಇಳಿಜಾರಿಗೆ ಬಂದಾಗ ಕಾಗೆಗಳು ಎದ್ದವು. ಎತ್ತು ಬದುಕಿತ್ತು. ಮೂಗಿನ ಗಾಯಕ್ಕೆ ಇರುವೆಗಳು ಮುತ್ತಿದ್ದವು. ಹಿಂಗಾಲೊಂದು ಇನ್ನೂ ಆಡುತ್ತಿತ್ತು, ಬಲು ನಿಧಾನವಾಗಿ, ಹೆಜ್ಜೆಯ ಲೆಕ್ಕದಲ್ಲೇ. ಹಿಂದಿನ ದಿನ ಮಧ್ಯಾಹ್ನದಿಂದ ಬೆಳಗಿನವರೆಗೆ ಅದು ಕೆಲಸ ಮಾಡುತ್ತಲೇ ಇತ್ತು.

ಅಣ್ಣ ಕೆಳಗಿಳಿದು ಇರುವೆ ಒರೆಸಿದ. ಗಂಟು ಬಿಚ್ಚಿದ. "ಆಯ್ತು ಬುಡಪ್ಪಾ, ಕೆಲ್ಸ ಆಯ್ತು," ಅಂದ. ಕಾಲು ನಿಂತಿತು. ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ಹೋಗುವವರೆಗೂ ಕೂತಿದ್ದ. ಆಮೇಲೆ ಬಟ್ಟೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಗಾಡಿ ಹತ್ತಿ," ಅಂದ. ಬೇರೆ ಯಾರಿಗೋ ಹೇಳಿದನೆಂದು ನಾನು ಹಿಂದೆ ತಿರುಗಿ ನೋಡಿದೆ. "ನಿಮಗೇ ಹೇಳಿದ್ದು," ಅಂದ.

ವ್ಯಾಪಾರ ಕೊಟ್ಟ, ಮಾತಿಗೆ ತಪ್ಪಲಿಲ್ಲ. ಆದರೆ ಅಂದಿನಿಂದ ನನಗೆ ಲೇ ಅನ್ನಲಿಲ್ಲ. ಮನೆಯಲ್ಲಿ, ಮದುವೆಯಲ್ಲಿ, ಅಪ್ಪನ ತಿಥಿಯಲ್ಲಿ, ಎಲ್ಲ ಕಡೆಯೂ ಬನ್ನಿ, ಕುಂತ್ಕಳಿ, ಉಣ್ಣಿ. ಕಂಡವರು ತಮ್ಮನಿಗೆ ಎಂಥ ಮರ್ಯಾದೆ ಎಂದು ಹೊಗಳುತ್ತಿದ್ದರು. ಆ ಒಂದು ಲೇಗಾಗಿ ನಾನು ಮುದುಕನಾಗುವವರೆಗೂ ಕಾದೆ. ಅವನು ಹಾಸಿಗೆ ಹಿಡಿದು, ಯಾರ ಗುರುತೂ ಸಿಗದಂತಾದ ಮೇಲೂ ಪಕ್ಕದಲ್ಲೇ ಕೂತಿದ್ದೆ. ಕೊನೆಯ ದಿನ ಮಗನನ್ನು ಲೇ ಅಂತ ಕರೆದ, ಮನೆಯ ಆಳನ್ನೂ ಲೇ ಅಂತ ಕರೆದ. ಆಮೇಲೆ ನನ್ನ ಕಡೆ ತಿರುಗಿ, "ಒಸಿ ನೀರು ಕೊಡಿ," ಅಂದ.