ಮುಂದಿನ ಸೀಟಿನ ಐಸ್ ಡಬ್ಬಿ

ಮೊಮ್ಮಗಳು ಜೀಪು ತಂದ ದಿನವೇ ನಾನು ತೀರ್ಮಾನ ಮಾಡಿಬಿಟ್ಟೆ: ಇದರ ಮುಂದಿನ ಸೀಟಿನಲ್ಲಿ ಕೂತು ದಿಬ್ಬ ಹತ್ತಬೇಕು. ದೇವಸ್ಥಾನಕ್ಕಲ್ಲ, ನೆಂಟರ ಮನೆಗಲ್ಲ. ಸುಮ್ಮನೆ, ಎಗರಿ ಎಗರಿ ಬೀಳುವುದಕ್ಕೆ. ಅಂಥದೇ ಗಾಡಿಯೊಂದು ಬಂಡೆಯ ಮೇಲೆ ಮೇಕೆಯ ಹಾಗೆ ಹತ್ತುವುದನ್ನು ಅವಳ ಫೋನಿನಲ್ಲಿ ನೋಡಿದ್ದೆ. ಈ ವಯಸ್ಸಿನಲ್ಲಿ ಇಂಥ ಆಸೆ ಯಾಕೆ ಎಂದು ಕೇಳಬೇಡಿ. ಆಯಿತು, ಅಷ್ಟೆ.

ಮೊಮ್ಮಗಳು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಕೊಟ್ಟೂರಿನ ನಮ್ಮ ಮನೆಯಿಂದ ಕೂಡ್ಲಿಗಿ, ತಂಬ್ರಹಳ್ಳಿ ಕಡೆಯ ಕುರಿಹಟ್ಟಿಗಳಿಗೆ ಲಸಿಕೆ ಹಾಕಲು ಹೋಗುತ್ತಾಳೆ. ಸ್ಕೂಟಿ ಹೋಗದ ಜಾಗಗಳು, ಅದಕ್ಕೇ ಈ ಗಾಡಿ. ಬಾಗಿಲು ಎರಡೇ. ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನ ಸೀಟು ಮಡಚಿ, ನಾವೂ ಮಡಚಿಕೊಂಡು ತೂರಬೇಕು. ನನ್ನ ಮೊಣಕಾಲು ಮಡಚುವ ಕೆಲಸ ಬಿಟ್ಟು ವರ್ಷಗಳಾದವು. ಹಾಗಾಗಿ ನನಗಿದ್ದದ್ದು ಮುಂದಿನ ಸೀಟು ಒಂದೇ. ಅಲ್ಲಿ ಆಗಲೇ ಲಸಿಕೆಯ ಐಸ್ ಡಬ್ಬಿ ಕೂತಿತ್ತು. ಮದುಮಗಳಿಗೆ ಡಾಬು ಕಟ್ಟಿದ ಹಾಗೆ ಅದಕ್ಕೆ ಬೆಲ್ಟು ಬೇರೆ ಬಿಗಿದಿದ್ದಳು.

“ಆ ಡಬ್ಬಿಗೆ ಸೀಟು ಐತಿ, ನನಗಿಲ್ಲೇನ್ಲೇ?” ಎಂದೆ.

“ಹಿಂದಿಟ್ರ ಉರುಳಾಡತೈತಿ ಅಜ್ಜಿ. ಔಷಧಿ ಬಾಟ್ಲಿ, ಸಿರಿಂಜು ಎಲ್ಲಾ ಹೆಂಗ ಚೆಲ್ಲಾಡಿ ಬಿದ್ದಾವ ನೋಡು.”

“ನನ್ ತೊಡಿ ಮ್ಯಾಲಿಡು.”

“ಗುಂಡಿಗೆ ಬಿದ್ರ ನಿನ್ನ ಹಲ್ಲಿಗೆ ಬಡೀತೈತಿ.”

“ಇರೋವು ನಾಕು. ಹೋದ್ರ ಹೋಗ್ಲಿ.”

ಒಳಗಿನಿಂದ ಸೊಸೆ ಕೂಗಿದಳು: “ಅತ್ತೀ, ಸುಮ್ನ ಕುಂದರ್ರಿ. ಸೊಂಟ ಮುರಕಂಡ್ರ ನಿಮ್ಮನ್ನ ಎತ್ತಿ ಇಳಿಸೋಳು ನಾನು.”

ಆಮೇಲೆ ಮನೆಗೆ ಪಾರ್ಸಲ್‌ನಲ್ಲಿ ಗಾಡಿಯ ಸಾಮಾನು ಬರಲು ಶುರುವಾಯಿತು. ತಲೆಯ ಮೇಲೆ ಕ್ಯಾರಿಯರ್. ಕಲ್ಯಾಣ ಮಂಟಪಕ್ಕೆ ಸಾಲುವಷ್ಟು ಉದ್ದದ ಲೈಟು. ಗಾಡಿ ನೀರಿಗಿಳಿದರೂ ಉಸಿರಾಡಲು ಆನೆಯ ಸೊಂಡಿಲಿನಂಥ ಕೊಳವೆ. ಅಷ್ಟು ನೀರು ಎಲ್ಲಿದೆ ಎಂದು ಕೇಳಿದರೆ ಮಾಗಳದ ಹೊಳೆ ಇದೆಯಲ್ಲ ಎಂದಳು ಮೊಮ್ಮಗಳು. ಹೊಳೆಗೆ ಗಾಡಿ ಇಳಿಸುವ ಹುಡುಗಿಯನ್ನು ನೋಡಲು ಯಾವ ಗಂಡು ಬರುತ್ತಾನೆ ಎಂದು ಸೊಸೆ ಹಣೆ ಹಣೆ ಬಡಿದುಕೊಂಡಳು. ನನಗೆ ಅವುಗಳಲ್ಲಿ ಯಾವುದೂ ಬೇಕಿರಲಿಲ್ಲ. ಒಂದು ದಿನ ಮೊಮ್ಮಗಳು ಫೋನಿನಲ್ಲಿ ಹಿಂಬಾಗಿಲು ತೆರೆದ ಗಾಡಿ ತೋರಿಸಿದಳು. ಒಳಗೆ ಎರಡು ಡ್ರಾಯರ್, ಎಳೆದರೆ ಇಡೀ ಉದ್ದ ಹೊರಗೆ ಬರುತ್ತವೆ. ಒಂದರಲ್ಲಿ ಐಸ್ ಡಬ್ಬಿ ಕೂರುತ್ತದೆಯೇ ಎಂದೆ. ಕೂರುತ್ತದೆ ಎಂದಳು. ಆ ಗಳಿಗೆಯಿಂದ ನಮ್ಮ ಮನೆಯಲ್ಲಿ ಡ್ರಾಯರ್ ಪರವಾಗಿ ನನ್ನಷ್ಟು ಮಾತಾಡಿದವರಿಲ್ಲ.

ಹರಪನಹಳ್ಳಿ ರಸ್ತೆಯಲ್ಲಿ ವೆಲ್ಡಿಂಗ್ ಮಾಡುವ ಸಾಬರ ಹತ್ತಿರ ಹೋದೆವು. ಐಸ್ ಡಬ್ಬಿ ಜೀಪಿನಲ್ಲಿ ಮುಂದೆ, ನಾನು ಆಟೋದಲ್ಲಿ ಹಿಂದೆ. ಸಾಬರು ಡಬ್ಬಿಯನ್ನು ಅಳೆದರು, ಗಾಡಿಯನ್ನು ಅಳೆದರು.

“ಯಮ್ಮಾ, ಡಬ್ಬಿ ಒಂದ್ರಾಗ, ಔಷಧಿ ಒಂದ್ರಾಗ. ಚಿಂತಿ ಬಿಡ್ರಿ.”

“ಮತ್ತ ನಾನು ಹತ್ತೋದು ಹೆಂಗ? ಅಟ್ಟ ಇದ್ದಂಗೈತಿ.”

“ಪಾವಟಿಗಿ ಹಾಕ್ತೀನ್ರಿ. ಎಮ್ಮಿ ಹತ್ತಿದ್ರೂ ಬಗ್ಗಂಗಿಲ್ಲ.”

“ಎಮ್ಮಿ ಅಂದ್ರ ಯಾರು?”

“ತೋಬಾ ತೋಬಾ, ಮಾತಿಗಂದೆ ಯಮ್ಮಾ!”

ಚೆನ್ನಾಗಿ ಮಾಡಿದರು. ಚಾನಲ್ ಅನ್ನುವ ಕಬ್ಬಿಣದ ಹಳಿಯೊಳಗೆ ಸಣ್ಣ ಸಣ್ಣ ಗುಂಡುಗಳು ಉರುಳಿ, ಡ್ರಾಯರ್ ಒಂದೇ ಬೆರಳಿಗೆ ಜಾರಿ ಬರುತ್ತಿತ್ತು. ಹತ್ತು ಸಲ ಎಳೆದೆ, ಹತ್ತು ಸಲ ದಬ್ಬಿದೆ. ಆದರೆ ನಮ್ಮಲ್ಲಿ ಹೊಸ ಪೆಟ್ಟಿಗೆಯಾಗಲಿ ಟ್ರಂಕಾಗಲಿ ಬರಿದಾಗಿ ಮನೆಗೆ ಬರಬಾರದು. ಒಳಗೆ ಒಂದಿಷ್ಟು ಕಾಳು ಹಾಕಿಯೇ ತರಬೇಕು. ಅಷ್ಟುದ್ದ ಡ್ರಾಯರಿಗೆ ಒಂದು ಹಿಡಿ ಜೋಳ ಹಾಕಿದರೆ ಭಿಕ್ಷೆ ಹಾಕಿದಂತೆ ಕಾಣುತ್ತದೆ. ಎದುರಿನ ಅಂಗಡಿಯಿಂದ ಒಂದು ಚೀಲ ಮಂಡಕ್ಕಿ ತಂದು, ಡಬ್ಬಿ ಕೂರಬೇಕಾದ ಡ್ರಾಯರಿಗೇ ಸುರಿದೆ. ತುಂಬಿ ತುಳುಕಿತು. ಕಣ್ಣಿಗೆ ಹಬ್ಬ. ಮೊಮ್ಮಗಳು ಫೋನಿನಲ್ಲಿ ಮಾತಾಡುತ್ತಿದ್ದಳು, ನೋಡಲಿಲ್ಲ.

ಮರುದಿನ ತಂಬ್ರಹಳ್ಳಿ ಆಚೆಯ ಹಟ್ಟಿಗೆ ಹೋಗಬೇಕಿತ್ತು. ನಾನು ಬೆಳಗಾಗುವುದರೊಳಗೆ ತಲೆ ಬಾಚಿ, ಪಾವಟಿಗೆ ಹತ್ತಿ, ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಕೂತೆ. ಹಿಂದಿನಿಂದ ಕರಕರ ಸದ್ದು ಬಂತು. ಮೊಮ್ಮಗಳು ಎಳೆದ ಡ್ರಾಯರ್ ಅರ್ಧ ಬಂದು ನಿಂತಿತ್ತು. ಹಿಂದಿನ ದಿನ ಮನೆಗೆ ಬರುವಾಗಿನ ಕುಲುಕಾಟಕ್ಕೆ ಮಂಡಕ್ಕಿ ಉಕ್ಕಿ ಚಾನಲ್‌ಗೆ ಇಳಿದು, ಗ್ರೀಸಿನ ಜೊತೆ ಕಲೆತು ಗಂಜಿಯಾಗಿತ್ತು.

“ಅಜ್ಜೀ! ಇದ್ರಾಗ ಮಂಡಕ್ಕಿ ಹಾಕಿದೋರ‍್ಯಾರು?”

“ನಾನಾ. ಬರೀ ಪೆಟ್ಟಿಗಿ ತರ್ತಾರೇನು?”

“ಐಸ್ ಕರಗತೈತಿ. ಡಬ್ಬಿ ಮುಂದಿಡ್ತೀನಿ. ಇಳಿ.”

“ಇಳಿಯಂಗಿಲ್ಲ.”

“ಕುರಿ ಕಾಯಕತ್ತಾವ, ಇಳಿಯಜ್ಜಿ!”

ಕುರಿಯ ಮಾತು ಬಂದ ಮೇಲೆ ನನ್ನ ಹಟ ನಡೆಯಲಿಲ್ಲ. ಬೆಲ್ಟಿನ ಗುಂಡಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಸೊಸೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು, ಕೈಯಲ್ಲಿ ಟೈರಿಗೆ ಗಾಳಿ ಹಾಕುವ ಸಣ್ಣ ಯಂತ್ರ. ಅದೂ ಪಾರ್ಸಲ್‌ನಲ್ಲಿ ಬಂದ ಸಾಮಾನೇ. ನಳಿಗೆಯನ್ನು ಚಾನಲ್‌ಗೆ ಹಿಡಿದು ಗುಂಡಿ ಒತ್ತಿದಳು. ಭರ್ರೆಂದು ಮಂಡಕ್ಕಿ ಎದ್ದಿತು ನೋಡಿ! ಅವಳ ತಲೆಗೆ, ಮೊಮ್ಮಗಳ ಬಾಯಿಗೆ, ನನ್ನ ಕುಪ್ಪಸದೊಳಕ್ಕೆ. ಪಕ್ಕದ ಮನೆಯ ಕೋಳಿಗಳೆಲ್ಲ ಬೇಲಿ ಹಾರಿ ಬಂದವು. ಸೊಸೆ ಬಿದ್ದು ಬಿದ್ದು ನಗುತ್ತಾ ಯಂತ್ರವನ್ನು ಬೇಕೆಂದೇ ನನ್ನ ಕಡೆ ತಿರುಗಿಸಿದಳು.

“ಅತ್ತೀ, ಇನ್ನೊಂದ್ ಚೀಲ ತರ್ಲೇನ್ರಿ?”

“ನಿನ್ನ ಬಾಯಿಗೆ ಹಾಕು!”

ಉಳಿದ ಮಂಡಕ್ಕಿಯನ್ನು ಕೋಳಿಗಳಿಗೆ ಸುರಿದು, ಹೇರ್‌ಪಿನ್ನಿನಿಂದ ಗಂಜಿ ಕೆರೆದು, ಚಾನಲ್ ಒರೆಸಿ, ಮೂರನೆಯ ಸಲ ದಬ್ಬಿದಾಗ ಡ್ರಾಯರ್ ಟಕ್ ಎಂದು ಕೂತಿತು, ಡಬ್ಬಿಯ ಸಮೇತ. ನಾನು ಬೆಲ್ಟಿನ ಮೇಲಿನ ಕೈ ತೆಗೆದೆ.

ತಂಬ್ರಹಳ್ಳಿ ದಾಟಿ ಡಾಂಬರು ಬಿಟ್ಟ ಮೇಲೆ ಗಾಡಿಗೆ ಹುಚ್ಚು ಹಿಡಿಯಿತು. ಹಳ್ಳಕ್ಕೆ ಇಳಿಯಿತು, ಕಲ್ಲು ಹತ್ತಿತು, ಒಂದು ದಿಬ್ಬದ ನೆತ್ತಿಯಲ್ಲಿ ನಾಲ್ಕೂ ಗಾಲಿ ನೆಲ ಬಿಟ್ಟವೋ ಏನೋ, ನಾನು ಮಾತ್ರ ಸೀಟು ಬಿಟ್ಟು ಎಗರಿದೆ. ಕಿರುಚಿದೆ. ಮೊಮ್ಮಗಳು ಹೆದರಿ ಬ್ರೇಕು ಹಾಕಿದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಕಣ್ಣಲ್ಲಿ ನೀರು.

“ನಿಧಾನ ಹೋಗ್ಲೇನಜ್ಜಿ?”

“ನಿಧಾನ ಹೋಗಾಕ ಬಸ್ಸಿಲ್ಲೇನು? ತಿರುಗ್ಸು. ಆ ದಿಬ್ಬ ಇನ್ನೊಂದ್ಸಲ.”

ತಿರುಗಿಸಿದಳು.