ಗೆರೆ ಎಡಕ್ಕೆ ದಾಟಿದ ಶನಿವಾರ

1995ರಲ್ಲಿ ಅಮೆರಿಕದ ಒಂದು ಭಾರಿ ಕಂಪ್ಯೂಟರಿನೊಳಗೆ ಬರೀ ಲೆಕ್ಕದಿಂದ ಕಟ್ಟಿದ ಭೂಮಿಯ ಕಾಂತಕ್ಷೇತ್ರ, ಯಾರೂ ತಳ್ಳದೆ, ಉತ್ತರ ದಕ್ಷಿಣಗಳನ್ನು ಅದಲುಬದಲು ಮಾಡಿಕೊಂಡಿತು. ಸಿದ್ದಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯೊಬ್ಬರು ಆ ಸುದ್ದಿಯನ್ನು ತರಗತಿಯಲ್ಲಿ ಹೇಳಿದರು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಯಾರೂ ತಳ್ಳದಿದ್ರೆ ತಿರುಗೂದು ಹ್ಯಾಂಗೆ, ಅಕ್ಕೋರೆ? ನೀವು ನೋಡಿದ್ರಾ?"

ನೋಡಿರಲಿಲ್ಲ. ಸೋಮವಾರ ತೋರಿಸುತ್ತೇನೆ ಎಂದುಬಿಟ್ಟರು.

ಶನಿವಾರ ಮಧ್ಯಾಹ್ನ ಅವರು ಶಿರಸಿಯ ಟೈಪಿಂಗ್ ತರಗತಿಗೆ ಬಂದಾಗ ನಾನು ಅಲ್ಲಿದ್ದೆ; ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದುದು ಅಲ್ಲಿನ ಫ್ಯಾಕ್ಸಿನಿಂದ. ಅವರ ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ; ಇಲ್ಲಿ ಇದ್ದದ್ದು ಒಂದೇ. ಉಪನ್ಯಾಸಕಿ ತಂದದ್ದು ಪುಟ್ಟ ಪ್ರೋಗ್ರಾಮು: ಭೂಮಿಯೊಳಗಿನ ಕರಗಿದ ಕಬ್ಬಿಣದ ಬದಲಿಗೆ ತಿರುಗುವ ಎರಡು ತಟ್ಟೆಗಳು, ಒಂದರ ವಿದ್ಯುತ್ತಿನಿಂದ ಇನ್ನೊಂದಕ್ಕೆ ಕಾಂತಶಕ್ತಿ. ಪರದೆಯ ನಡುವೆ ಒಂದು ಗೆರೆ, ಕಾಂತಕ್ಷೇತ್ರದ ದಿಕ್ಕು ತೋರಿಸುತ್ತ ಓಡಾಡುವ ಒಂದು ಚುಕ್ಕಿ. ಚುಕ್ಕಿ ಅದರ ಬಲಕ್ಕಿದ್ದರೆ ಉತ್ತರ ಉತ್ತರವೇ. ಎಡಕ್ಕೆ ದಾಟಿದರೆ ಅದಲುಬದಲು.

ಚುಕ್ಕಿ ಬಲದಲ್ಲೇ ಓಲಾಡುತ್ತಿತ್ತು. ಪರದೆ ಕಪ್ಪಾಯಿತು.

"ಕರೆಂಟ್ ಹೋತಲೆ!" ಎಂದರು ಉಪನ್ಯಾಸಕಿ.

ಮತ್ತೆ ಮೊದಲಿಂದ ಶುರು. ಮತ್ತೆ ಕರೆಂಟ್ ಹೋಯಿತು. ಮೂರನೆಯ ಸಲವೂ ಹಾಗೇ.

ತರಗತಿ ನಡೆಸುತ್ತಿದ್ದವರು ಎಕ್ಕಂಬಿ ಕಡೆಯ ಹೆಂಗಸು. ಮೇಜಿನಿಂದಲೇ ಕೇಳಿದರು: "ಯಾಕ್ರೀ ಅಕ್ಕೋರೆ, ಪ್ರತಿ ಸಲ ಒಂದರಿಂದ ಮಗ್ಗಿ ಶುರು ಮಾಡ್ತೀರಿ? ನಮ್ಮ ಹುಡುಗ್ಯಾರು ರಿಬ್ಬನ್ ಕೆಟ್ರ ಕಡೀ ಸಾಲಿನಿಂದ ಮುಂದ ಹೊಡೀತಾರ."

"ಕಡೇ ಸಾಲು ಎಲ್ಲಿದೆ ಮೇಡಂ? ಕಂಪ್ಯೂಟರಿನ ಹೊಟ್ಟೆಲೇ ಹೋಯ್ತು."

"ಪ್ರಿಂಟರ್ ಯಾತಕ್ಕದ? ಹಾಳಿ ಮ್ಯಾಲ ಹೊಡಸ್ರಿ. ಹಾಳಿಗೆ ಕರೆಂಟ್ ಬೇಕೇನ್ರಿ?"

ಉಪನ್ಯಾಸಕಿ ನಕ್ಕು, ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದರು. ಈಗ ಪ್ರತಿ ಚುಕ್ಕಿಯೂ, ಪಕ್ಕದಲ್ಲಿ ಆ ಕ್ಷಣದ ಲೆಕ್ಕದ ಮೂರು ಅಂಕಿಗಳೂ ಹಾಳೆಯ ಮೇಲೆ ಬೀಳತೊಡಗಿದವು. ಕರೆಂಟ್ ಹೋದಾಗ ಕಡೆಯ ಅಂಕಿಗಳಿಗೆ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಬಂದಾಗ ನಾನು ಓದಿ ಹೇಳುತ್ತಿದ್ದೆ, ಅವರು ಕೀ ಒತ್ತಿ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಹೀಗೆ ಎರಡು ಸಲ ನಡೆಯಿತು. ಒಂದೇ ಪಟ್ಟಿಯಾಗಿ ಹೊರಬರುತ್ತಿದ್ದ ಹಾಳೆ ಮೇಜಿನಿಂದ ಇಳಿದು ಬಾಗಿಲು ಮುಟ್ಟಿತು.

ಐದು ಗಂಟೆಯ ಸುಮಾರಿಗೆ ಚುಕ್ಕಿ ಬಲದ ಅಂಚಿನವರೆಗೆ ಹೋಗಿ, ಹಿಂದಿರುಗಿ, ಗೆರೆ ದಾಟಿತು.

"ಎಡಕ್ಕೆ ಹೋತು! ಎಡಕ್ಕೆ ಹೋತು ಮಾರಾಯ್ತಿ!"

"ಇಷ್ಟೊತ್ತು ಮೇಡಂ ಅಂತಿದ್ರಿ, ಈಗ ಮಾರಾಯ್ತಿ ಆದ್ನೇನ್ರಿ?"

ಹುಡುಗಿಯರೆಲ್ಲ ಯಂತ್ರ ಬಿಟ್ಟು ಎದ್ದು ಬಂದರು. ಎಕ್ಕಂಬಿಯವರು ದೇವರ ಪಟದ ಮುಂದಿನ ಕುಂಕುಮ ತಂದು, ದಾಟಿದ ಜಾಗಕ್ಕೆ ಒಂದು ಬೊಟ್ಟಿಟ್ಟರು.

ಸೋಮವಾರ ಆ ಹಾಳೆ ಸಿದ್ದಾಪುರದ ತರಗತಿಯ ಗೋಡೆಯುದ್ದಕ್ಕೂ ಹರಡಿತು. ಹಿಂದಿನ ಬೆಂಚಿನವರು ಅದರ ಜೊತೆ ನಡೆಯುತ್ತ ಹೋಗಿ ಬೊಟ್ಟಿನ ಬಳಿ ನಿಂತರು. ಹತ್ತು ವರ್ಷದ ಮೇಲೆ ನಾನು ಆ ಕಾಲೇಜಿಗೆ ಹೋದಾಗ ಹಾಳೆ ಪ್ರಯೋಗಾಲಯದ ಕಪಾಟಿನಲ್ಲಿ ಸುರುಳಿಯಾಗಿತ್ತು. ಅಂಕಿಗಳು ಮಾಸಿದ್ದವು. ಬೊಟ್ಟು ಕಾಣುತ್ತಿತ್ತು.